ಹೂಳಿನ ನದಿಯ ಮೇಲೆ ಜಗತ್ತಿನ ಮೊದಲ ಬಂದರು: ಶಾಂಘೈ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಶಾಂಘೈ ನಗರ ಸಮುದ್ರದ ದಡದಲ್ಲಿಲ್ಲ, ಹೂಳು ತುಂಬುವ ನದಿಯೊಂದರ ಮೇಲಿದೆ ಎಂದು ಓದಿದ್ದೇನೆ. ಹಾಂಗ್‌ಕಾಂಗ್, ನಿಂಗ್ಬೊಗಳಂಥ ಆಳ ನೀರಿನ ಬಂದರುಗಳು ಚೀನಾದ ಕರಾವಳಿಯಲ್ಲೇ ಇರುವಾಗ ಶಾಂಘೈ ಜಗತ್ತಿನ ಮೊದಲ ಸ್ಥಾನದ ಕಂಟೇನರ್ ಬಂದರಾದದ್ದು ಹೇಗೆ? ಬ್ರಿಟಿಷರು ಬರುವ ಮೊದಲು ಅದೊಂದು ಬೆಸ್ತರ ಹಳ್ಳಿಯಾಗಿತ್ತು ಎಂಬುದು ನಿಜವೇ? ಈ ಸ್ಥಾನ ಅದಕ್ಕೆ ಮುಂದೆಯೂ ಉಳಿಯಬಹುದೇ?

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ. ಶಾಂಘೈಯ ಹಳೆಯ ಭಾಗ ಇರುವುದು ಹುವಾಂಗ್‌ಪು ಎಂಬ, ಸುಮಾರು 113 ಕಿಲೋಮೀಟರ್ ಉದ್ದದ ಸಾಧಾರಣ ನದಿಯ ಪಶ್ಚಿಮ ದಡದಲ್ಲಿ. ಆ ನದಿ ಉತ್ತರಕ್ಕೆ ಹರಿದು ವುಸೊಂಗ್ ಎಂಬಲ್ಲಿ ಯಾಂಗ್‌ಟ್ಸೆ ಮಹಾನದಿಯನ್ನು ಸೇರುತ್ತದೆ. ಯಾಂಗ್‌ಟ್ಸೆ ಅಲ್ಲಿಂದ ಮುಂದೆ ದ್ವೀಪಗಳನ್ನೂ ಮರಳ ದಿಬ್ಬಗಳನ್ನೂ ಬಳಸಿಕೊಂಡು, ಹತ್ತಾರು ಕಿಲೋಮೀಟರ್ ಅಗಲಕ್ಕೆ ಹರಡಿ ಪೂರ್ವ ಚೀನಾ ಸಮುದ್ರಕ್ಕೆ ಇಳಿಯುತ್ತದೆ. ಬಂದರು ಕಟ್ಟಲು ಜಾಗ ನೋಡು ಎಂದು ಎಂಜಿನಿಯರ್ ಒಬ್ಬರ ಕೈಗೆ ಕರಾವಳಿಯ ನಕಾಶೆ ಕೊಟ್ಟರೆ ಅವರು ಈ ಜಾಗದ ಕಡೆ ಕಣ್ಣೆತ್ತಿಯೂ ನೋಡಲಿಕ್ಕಿಲ್ಲ. ಅದೇ ನಕಾಶೆಯನ್ನು ವ್ಯಾಪಾರಿಯ ಕೈಗೆ ಕೊಟ್ಟರೆ ಆತ ಬೆರಳಿಡುವುದು ಇಲ್ಲಿಗೇ. ಶಾಂಘೈಯನ್ನು ದೊಡ್ಡದು ಮಾಡಿದ್ದು ಅದರ ಬೆನ್ನಿಗಿರುವ ಒಳನಾಡು ಎಂಬುದು ನನ್ನ ತಿಳಿವಳಿಕೆ. ನೀರಿನ ಆಳದ ಕೊರತೆಯನ್ನು ಆ ನಗರ ಪ್ರತಿ ಕಾಲದಲ್ಲೂ ಹಣ ಸುರಿದು, ನದಿಯನ್ನು ತಿದ್ದಿ, ಅದೂ ಸಾಲದಾದಾಗ ಬಂದರನ್ನೇ ಸಮುದ್ರದ ಕಡೆಗೆ ಇನ್ನಷ್ಟು ಸರಿಸಿ ತುಂಬಿಕೊಂಡಿದೆ.

ಮೊದಲು ಆ ಒಳನಾಡನ್ನು ನೋಡೋಣ. ಯಾಂಗ್‌ಟ್ಸೆ ಟಿಬೆಟ್ ಪ್ರಸ್ಥಭೂಮಿಯಿಂದ ಸುಮಾರು 6,300 ಕಿಲೋಮೀಟರ್ ಹರಿದು ಬರುತ್ತದೆ. ಅದರ ಜಲಾನಯನ ಪ್ರದೇಶ ಸುಮಾರು 18 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ವಿಸ್ತೀರ್ಣದ ಅರ್ಧಕ್ಕಿಂತ ಹೆಚ್ಚು. ಅಲ್ಲಿ 40 ಕೋಟಿಗೂ ಮೀರಿದ ಜನರಿದ್ದಾರೆ. ಸಿಚುವಾನ್‌ನ ಭತ್ತದ ಬಯಲು, ವುಹಾನ್‌ನ ಕಬ್ಬಿಣ ಮತ್ತು ಕಾರು ಕಾರ್ಖಾನೆಗಳು, ನಾನ್‌ಜಿಂಗ್‌ನ ರಾಸಾಯನಿಕ ಘಟಕಗಳು, ಸುಜೌ ಮತ್ತು ವುಶಿಯ ಎಲೆಕ್ಟ್ರಾನಿಕ್ಸ್ ಉದ್ಯಮ ಎಲ್ಲವೂ ಈ ಒಂದೇ ನದಿಯ ಅಕ್ಕಪಕ್ಕದಲ್ಲಿವೆ. ಸಮುದ್ರದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಒಳಗಿರುವ ಚೋಂಗ್‌ಚಿಂಗ್‌ವರೆಗೆ ಸರಕು ಹಡಗುಗಳು ಸಾಗುತ್ತವೆ. ಭಾರತದಲ್ಲಿ ಇದಕ್ಕೆ ಸಮನಾದ ಜಲಮಾರ್ಗ ಇಲ್ಲ. ಗಂಗೆಯನ್ನು ನೆನೆಯಬಹುದಾದರೂ ಬೇಸಿಗೆಯಲ್ಲಿ ಅದರ ಆಳ ಕುಸಿಯುವ ರೀತಿಯನ್ನು ಬಲ್ಲವರು ಹೋಲಿಕೆಯನ್ನು ಮುಂದುವರಿಸಲಾರರು. ನೀರಿನ ಮೇಲಿನ ಸಾಗಣೆ ರಸ್ತೆ ಮತ್ತು ರೈಲಿಗಿಂತ ಬಹಳ ಅಗ್ಗ. ಆದ್ದರಿಂದ ಇಷ್ಟು ದೊಡ್ಡ ನಾಡಿನ ಸರಕು ತಾನಾಗಿಯೇ ಕೆಳಕ್ಕೆ ಇಳಿದು ನದಿಯ ಬಾಯಿಗೆ ಬರುತ್ತದೆ, ಆ ಬಾಯಿಯ ದಕ್ಷಿಣ ಅಂಚಿನಲ್ಲಿ ಶಾಂಘೈ ಕುಳಿತಿದೆ.

ಆದರೆ ಸರಕು ತರುವ ನದಿಯೇ ಹೂಳನ್ನೂ ತರುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಾಂಗ್‌ಟ್ಸೆ ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಮಣ್ಣನ್ನು ಸಮುದ್ರದ ಕಡೆಗೆ ಒಯ್ಯುತ್ತಿತ್ತು. ಈ ಮಣ್ಣು ಉಪ್ಪುನೀರನ್ನು ಸೇರುವ ಜಾಗದಲ್ಲಿ ತಳಕ್ಕಿಳಿದು ಅಳಿವೆಗೆ ಅಡ್ಡಲಾಗಿ ಮರಳ ದಿಬ್ಬವನ್ನು ಕಟ್ಟುತ್ತದೆ. ಆ ದಿಬ್ಬದ ಮೇಲೆ ಸಹಜವಾಗಿ ಇರುವ ಆಳ ಸುಮಾರು 6 ಮೀಟರ್ ಮಾತ್ರ. ಅಳಿವೆಯ ನಡುವಿನ ಚೋಂಗ್‌ಮಿಂಗ್ ದ್ವೀಪ ಇದೇ ಹೂಳಿನಿಂದ ಬೆಳೆದದ್ದು. ಇಂದು ಅದರ ವಿಸ್ತೀರ್ಣ 1,200 ಚದರ ಕಿಲೋಮೀಟರಿನಷ್ಟಿದೆ. ಈ ದ್ವೀಪ ನದಿಯನ್ನು ಉತ್ತರ ಮತ್ತು ದಕ್ಷಿಣ ಕವಲುಗಳಾಗಿ ಒಡೆಯುತ್ತದೆ, ದಕ್ಷಿಣ ಕವಲನ್ನು ಚಾಂಗ್‌ಶಿಂಗ್ ಮತ್ತು ಹೆಂಗ್‌ಶಾ ದ್ವೀಪಗಳು ಮತ್ತೆ ಎರಡಾಗಿ ಸೀಳುತ್ತವೆ, ಅದರಲ್ಲೂ ಒಂದು ಕವಲು ಸಮುದ್ರ ಮುಟ್ಟುವ ಮೊದಲು ಇನ್ನೊಮ್ಮೆ ಒಡೆಯುತ್ತದೆ. ಹೀಗೆ ಯಾಂಗ್‌ಟ್ಸೆಗೆ ನಾಲ್ಕು ಬಾಯಿಗಳು. ನಮ್ಮ ಕರಾವಳಿಯವರಿಗೆ ಈ ತೊಂದರೆ ಹೊಸದಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿರುವ ಹಳೆಯ ಮಂಗಳೂರು ಬಂದರಿಗೆ ದೊಡ್ಡ ಹಡಗುಗಳು ಬರಲಾಗದೆ ದೂರದಲ್ಲಿ ಲಂಗರು ಹಾಕುತ್ತಿದ್ದವು, ಕೊನೆಗೆ 1970ರ ದಶಕದಲ್ಲಿ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರನ್ನೇ ಮಾಡಬೇಕಾಯಿತು. ಶಾಂಘೈಯದು ಇದೇ ಕತೆಯ ಬೃಹತ್ ರೂಪ.

ಬೆಸ್ತರ ಹಳ್ಳಿಯ ಮಾತಿಗೆ ಬರುವುದಾದರೆ, ಅದು ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ನರು ತಮ್ಮ ಸಾಧನೆಯನ್ನು ಹಿಗ್ಗಿಸಿ ಹೇಳಲು ಬಳಸಿದ ಕತೆ. ತಾಂಗ್ ಮತ್ತು ಸೊಂಗ್ ವಂಶಗಳ ಕಾಲದಲ್ಲಿ ಈ ಪ್ರದೇಶದ ಬಂದರು ಚಿಂಗ್‌ಲಾಂಗ್ ಎಂಬ ಪಟ್ಟಣವಾಗಿತ್ತು. ಅದು ಇಂದಿನ ನಗರದ ಪಶ್ಚಿಮಕ್ಕೆ, ವುಸೊಂಗ್ ನದಿಯ ದಡದಲ್ಲಿತ್ತು. ಆ ನದಿ ಹೂಳಿನಿಂದ ಕಿರಿದಾದಂತೆ ಹಡಗುಗಳು ಅಲ್ಲಿಗೆ ತಲುಪಲಾರದೆ, ವ್ಯಾಪಾರ ಕೆಳಗಿನ ಶಾಂಘೈಗೆ ಜಾರಿತು. ಯುವಾನ್ ವಂಶದ ಕಾಲದಲ್ಲಿ, 1290ರ ದಶಕದ ಆರಂಭದಲ್ಲಿ, ಶಾಂಘೈ ಪ್ರತ್ಯೇಕ ಆಡಳಿತ ಜಿಲ್ಲೆಯಾಯಿತು. ಮಿಂಗ್ ವಂಶದ ಯೊಂಗ್‌ಲೆ ಚಕ್ರವರ್ತಿಯ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಶಿಯಾ ಯುವಾನ್‌ಜಿ ಎಂಬ ಮಂತ್ರಿ ಪ್ರವಾಹ ತಡೆಯುವ ಸಲುವಾಗಿ ಕಾಲುವೆಗಳನ್ನು ಅಗಲಗೊಳಿಸಿ ಹುವಾಂಗ್‌ಪುವಿಗೆ ಹೊಸ ಹರಿವು ಕೊಟ್ಟರು. ಅಲ್ಲಿಯವರೆಗೆ ಮುಖ್ಯ ನದಿಯಾಗಿದ್ದ ವುಸೊಂಗ್ ಹುವಾಂಗ್‌ಪುವಿನ ಉಪನದಿಯಾಯಿತು. ಇಂದು ನಗರದ ನಡುವೆ ಹರಿಯುವ ಸುಜೌ ತೊರೆ ಎಂಬುದು ಅದೇ. ಇಂದಿನ ಶಾಂಘೈಯ ನದಿ ಬಹುಮಟ್ಟಿಗೆ ಮನುಷ್ಯರು ಅಗೆದದ್ದು ಎಂಬುದನ್ನು ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಆ ಕಾಲದ ಸಂಪತ್ತಿಗೆ ಹತ್ತಿ ಮೂಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಹುವಾಂಗ್ ದಾವೊಪೊ ಎಂಬ ಮಹಿಳೆ ಹೈನಾನ್ ದ್ವೀಪದಲ್ಲಿ ಕಲಿತ ನೂಲುವ ಮತ್ತು ನೇಯುವ ವಿದ್ಯೆಯನ್ನು ಈ ಸೀಮೆಗೆ ತಂದರೆಂಬುದು ಚೀನಾದ ಶಾಲಾಮಕ್ಕಳಿಗೂ ಗೊತ್ತಿರುವ ಸಂಗತಿ. ಮುಂದಿನ ಶತಮಾನಗಳಲ್ಲಿ ಇಲ್ಲಿನ ರೈತರು ಭತ್ತಕ್ಕಿಂತ ಹತ್ತಿಯನ್ನೇ ನೆಚ್ಚಿದರು. ಕಡಲುಗಳ್ಳರ ಹಾವಳಿ ಹೆಚ್ಚಾದಾಗ, 1553ರಲ್ಲಿ, ಊರಿನ ಸುತ್ತ ಕೋಟೆ ಎದ್ದಿತು. 1680ರ ದಶಕದಲ್ಲಿ ಚಿಂಗ್ ವಂಶದ ಸರ್ಕಾರ ಸಮುದ್ರಯಾನದ ಮೇಲಿದ್ದ ನಿಷೇಧವನ್ನು ತೆಗೆದ ಮೇಲೆ ಇಲ್ಲಿ ಸುಂಕದ ಕಚೇರಿ ತೆರೆಯಿತು. ಚಪ್ಪಟೆ ತಳದ, ಮರಳ ದಿಬ್ಬದ ಮೇಲೆ ಕುಳಿತರೂ ಒಡೆಯದ ದೇಶೀ ಹಡಗುಗಳು ಹತ್ತಿ ಬಟ್ಟೆಯನ್ನು ಉತ್ತರಕ್ಕೆ ಒಯ್ದು, ಮಂಚೂರಿಯಾದಿಂದ ಸೋಯಾ ಅವರೆಯನ್ನೂ ಅದರ ಹಿಂಡಿಯನ್ನೂ ತರುತ್ತಿದ್ದವು. ಆ ಹಿಂಡಿ ಮತ್ತೆ ಹತ್ತಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಬೀಜಿಂಗ್‌ಗೆ ಅಕ್ಕಿ ಸಾಗಿಸುತ್ತಿದ್ದ ಮಹಾಕಾಲುವೆ 1824ರ ಪ್ರವಾಹದಲ್ಲಿ ಕೆಟ್ಟಾಗ, 1826ರಲ್ಲಿ ಸರ್ಕಾರ ಶಾಂಘೈಯ ಈ ಹಡಗುಗಳನ್ನೇ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಬಾಡಿಗೆಗೆ ಹಿಡಿಯಿತು. 1832ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಗುಟ್ಟಾಗಿ ಕರಾವಳಿ ಸಮೀಕ್ಷೆಗೆ ಬಂದ ಹ್ಯೂ ಹ್ಯಾಮಿಲ್ಟನ್ ಲಿಂಡ್ಸೆ, ಒಂದೇ ವಾರದಲ್ಲಿ 400ಕ್ಕೂ ಹೆಚ್ಚು ಹಡಗುಗಳು ಒಳಬಂದದ್ದನ್ನು ಎಣಿಸಿ ಬೆರಗಾಗಿ ಬರೆದಿದ್ದಾನೆ. ಬ್ರಿಟಿಷರು ಆಸೆಪಟ್ಟದ್ದು ಆಗಲೇ ತುಂಬಿ ತುಳುಕುತ್ತಿದ್ದ ಬಂದರಿಗೆ.

ಬ್ರಿಟನ್ ಮತ್ತು ಚೀನಾ ನಡುವಿನ ಅಫೀಮು ಯುದ್ಧದಲ್ಲಿ, 1842ರ ಜೂನ್‌ನಲ್ಲಿ, ಬ್ರಿಟಿಷ್ ನೌಕಾಪಡೆ ವುಸೊಂಗ್‌ನ ಫಿರಂಗಿ ನೆಲೆಗಳನ್ನು ಹೊಡೆದು ಶಾಂಘೈಯನ್ನು ಹಿಡಿಯಿತು. ಆಗಸ್ಟ್ 29ರಂದು ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾರ್ನ್‌ವಾಲಿಸ್ ಎಂಬ ಯುದ್ಧನೌಕೆಯ ಮೇಲೆ; ಆ ನೌಕೆ 1813ರಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರ ಕೈಯಲ್ಲಿ ತಯಾರಾದದ್ದು. ಒಪ್ಪಂದದಂತೆ ಕ್ಯಾಂಟನ್ (ಇಂದಿನ ಗುವಾಂಗ್‌ಜೌ), ಶಿಯಾಮೆನ್, ಫುಜೌ, ನಿಂಗ್ಬೊ ಮತ್ತು ಶಾಂಘೈ ಎಂಬ ಐದು ಬಂದರುಗಳು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡವು, ಹಾಂಗ್‌ಕಾಂಗ್ ಬ್ರಿಟಿಷರ ವಶವಾಯಿತು. 1843ರ ನವೆಂಬರ್ 17ರಂದು ಶಾಂಘೈ ಅಧಿಕೃತವಾಗಿ ತೆರೆಯಿತು. ಅಲ್ಲಿಗೆ ಬಂದ ಮೊದಲ ಬ್ರಿಟಿಷ್ ಕಾನ್ಸಲ್ ಜಾರ್ಜ್ ಬಾಲ್ಫೋರ್, ಮದ್ರಾಸ್ ಫಿರಂಗಿ ದಳದ ಅಧಿಕಾರಿ.

ನಿಮ್ಮ ಪ್ರಶ್ನೆಯ ತಿರುಳಿಗೆ ಉತ್ತರ ಸಿಗುವುದು ಮುಂದಿನ ಹದಿನೈದು ವರ್ಷಗಳಲ್ಲಿ. ಐದೂ ಬಂದರುಗಳಿಗೆ ಕಾಗದದ ಮೇಲೆ ಒಂದೇ ಹಕ್ಕು ಸಿಕ್ಕಿತ್ತು, ನಿಂಗ್ಬೊ ವ್ಯಾಪಾರದಲ್ಲಿ ಶಾಂಘೈಗಿಂತ ಹಳೆಯ ಹೆಸರು. ಆದರೆ ನಿಂಗ್ಬೊ ಬೆನ್ನಿಗೆ ಬೆಟ್ಟಗಳಿವೆ. ಅದರ ಒಳನಾಡು ಒಂದು ಪ್ರಾಂತದ ಭಾಗವಷ್ಟೆ. ಶಾಂಘೈ ತೆರೆದ ಕೆಲವೇ ವರ್ಷಗಳಲ್ಲಿ ನಿಂಗ್ಬೊದ ಸಾಹುಕಾರರು ಮತ್ತು ಲೇವಾದೇವಿಗಾರರು ತಾವೇ ಗಂಟುಮೂಟೆ ಕಟ್ಟಿಕೊಂಡು ಶಾಂಘೈಗೆ ಬಂದು ಅಲ್ಲಿನ ಹಣದ ವ್ಯವಹಾರವನ್ನು ಕೈಗೆ ತೆಗೆದುಕೊಂಡರು. ಕ್ಯಾಂಟನ್ನಿನ ಕತೆ ಇನ್ನೂ ಸ್ಪಷ್ಟ. 1757ರಿಂದ 1842ರವರೆಗೆ ಯುರೋಪಿಯನ್ನರಿಗೆ ಕ್ಯಾಂಟನ್ ಒಂದೇ ಬಾಗಿಲಾಗಿತ್ತು. ಹುಜೌ, ಸುಜೌ ಸೀಮೆಯ ರೇಷ್ಮೆ ಅಲ್ಲಿಗೆ ಮುಟ್ಟಬೇಕಾದರೆ ದೋಣಿಯಲ್ಲಿ ನದಿಗಳನ್ನು ಹತ್ತಿ, ಮೈಲಿಂಗ್ ಕಣಿವೆಯಲ್ಲಿ ಕೂಲಿಗಳ ಹೆಗಲ ಮೇಲೆ ಬೆಟ್ಟ ದಾಟಿ, ಮತ್ತೆ ದೋಣಿಗೆ ಏರಿ ವಾರಗಟ್ಟಲೆ ಸಾಗಬೇಕಿತ್ತು. ಶಾಂಘೈ ತೆರೆದ ಮೇಲೆ ಅದೇ ರೇಷ್ಮೆ ಕಾಲುವೆಯಲ್ಲಿ ಕೆಲವೇ ದಿನಗಳಲ್ಲಿ ಹಡಗಿನ ಪಕ್ಕಕ್ಕೆ ಬರುವಂತಾಯಿತು. ಖರ್ಚಿನ ಈ ವ್ಯತ್ಯಾಸದ ಮುಂದೆ ಕ್ಯಾಂಟನ್ನಿನ ಶತಮಾನದ ಅನುಭವ ನಿಲ್ಲಲಿಲ್ಲ. 1850ರ ದಶಕದಲ್ಲಿ ರೇಷ್ಮೆ ರಫ್ತಿನಲ್ಲಿ ಶಾಂಘೈ ಮುಂದೆ ಹೋಗಿತ್ತು.

ಈ ರೇಷ್ಮೆಯ ಎಳೆ ಕನ್ನಡ ನಾಡಿನವರೆಗೂ ಬಂದಿದೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಚೀನಾ ಮತ್ತು ಜಪಾನಿನ ಕಚ್ಚಾ ರೇಷ್ಮೆ ಭಾರತಕ್ಕೆ ಅಗ್ಗದ ಬೆಲೆಗೆ ಬಂದು ಬಿದ್ದಾಗ ಮೈಸೂರು ಸಂಸ್ಥಾನದ ಗೂಡಿನ ಬೆಲೆ ನೆಲಕಚ್ಚಿತು, ರೈತರು ಹಿಪ್ಪುನೇರಳೆ ತೋಟಗಳನ್ನು ಕಿತ್ತು ಬೇರೆ ಬೆಳೆಗೆ ಹೋದರು. ಸುಂಕ ಮಂಡಳಿಯ ವಿಚಾರಣೆಯ ನಂತರ, 1934ರಲ್ಲಿ, ಆಮದಿನ ಮೇಲೆ ರಕ್ಷಣಾ ಸುಂಕ ಬಂತು. ಚೀನಾ ರೇಷ್ಮೆಯ ಧಾರಣೆಯನ್ನು ರಾಮನಗರದ ಗೂಡಿನ ಮಾರುಕಟ್ಟೆ ಇಂದಿಗೂ ಗಮನಿಸುತ್ತಲೇ ಇರುತ್ತದೆ.

ಹೊರಗೆ ಹೋದದ್ದು ರೇಷ್ಮೆ ಮತ್ತು ಚಹಾ. ಒಳಗೆ ಬಂದದ್ದು ಮುಖ್ಯವಾಗಿ ಭಾರತದ ಅಫೀಮು. ಕಲ್ಕತ್ತೆಯ ಹರಾಜಿನಲ್ಲಿ ಕೊಂಡ ಬಂಗಾಳದ ಮಾಲು ಮತ್ತು ಬೊಂಬಾಯಿಯಿಂದ ಹೊರಟ ಮಾಳ್ವದ ಮಾಲು ವುಸೊಂಗ್ ಬಳಿ ಲಂಗರು ಹಾಕಿದ ದಾಸ್ತಾನು ಹಡಗುಗಳಿಗೆ ಇಳಿಯುತ್ತಿದ್ದವು. 1858ರಲ್ಲಿ ಆಮದು ಕಾನೂನುಬದ್ಧವಾಗುವವರೆಗೂ ಇದು ಕಳ್ಳಸಾಗಣೆಯೇ; ಆದರೆ ಬಚ್ಚಿಟ್ಟುಕೊಳ್ಳದ ಕಳ್ಳಸಾಗಣೆ. ಬಾಗ್ದಾದಿನಿಂದ ಬೊಂಬಾಯಿಗೆ ಬಂದು ನೆಲೆಸಿದ್ದ ಸಾಸೂನ್ ಮನೆತನ ಈ ವ್ಯಾಪಾರದಲ್ಲಿ ಬೆಳೆಯಿತು. ಮುಂದೆ ಅದೇ ಮನೆತನದ ವಿಕ್ಟರ್ ಸಾಸೂನ್ ಬೊಂಬಾಯಿಯ ಗಿರಣಿಗಳಲ್ಲಿದ್ದ ಬಂಡವಾಳವನ್ನು ಶಾಂಘೈಯ ಜಮೀನು ಕಟ್ಟಡಗಳಿಗೆ ತಿರುಗಿಸಿ, 1929ರಲ್ಲಿ ನದಿದಂಡೆಯ ಮೇಲೆ ಕ್ಯಾಥೆ ಹೋಟೆಲ್ ತೆರೆದರು. ಬಂಡ್ ಎಂದು ಹೆಸರಾದ ಆ ನದಿದಂಡೆಯ ಕಲ್ಲಿನ ಕಟ್ಟಡಗಳ ಸಾಲನ್ನು ಇಂದು ಮೆಚ್ಚಿ ನೋಡುವವರು, ಅದರ ಅಡಿಪಾಯದಲ್ಲಿ ಬಿಹಾರ ಮತ್ತು ಮಾಳ್ವದ ಗಸಗಸೆ ಹೊಲಗಳ ಪಾಲೂ ಇದೆ ಎಂಬುದನ್ನು ನೆನಪಿಟ್ಟರೆ ಒಳ್ಳೆಯದು. 1880ರ ದಶಕದಿಂದ ಅಲ್ಲಿನ ಬೀದಿಗಳಲ್ಲಿ ಪಹರೆ ನಿಂತವರಲ್ಲಿ ಪಂಜಾಬಿನ ಸಿಖ್ ಪೊಲೀಸರೂ ಇದ್ದರು.

ನಗರದ ಆಡಳಿತ ಒಂದು ವಿಚಿತ್ರ ಏರ್ಪಾಡಾಗಿತ್ತು. ಕೋಟೆಯೊಳಗಿನ ಹಳೆಯ ಊರು ಚೀನಾದ್ದು. ಅದರ ಉತ್ತರಕ್ಕೆ, ವಿದೇಶಿಯರೇ ಆಡಳಿತ ನಡೆಸುತ್ತಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ವಸತಿಗಳು ಸೇರಿ 1863ರಲ್ಲಿ ಅಂತರರಾಷ್ಟ್ರೀಯ ವಸತಿಯಾಯಿತು. 1849ರಿಂದಲೇ ಫ್ರೆಂಚರು ತಮ್ಮದನ್ನು ಬೇರೆ ಇಟ್ಟುಕೊಂಡಿದ್ದರು. ವಿದೇಶಿಯರಿಗೆಂದು ಗುರುತಿಸಿದ ಈ ನೆಲಕ್ಕೆ ಚೀನಿಯರು ಗುಂಪುಗುಂಪಾಗಿ ಬಂದದ್ದು 1853ರ ಸ್ಥಳೀಯ ದಂಗೆ ಮತ್ತು ಚಿಂಗ್ ಆಳ್ವಿಕೆಯ ವಿರುದ್ಧ ಎದ್ದ ತೈಪಿಂಗ್ ಯುದ್ಧದ ಕಾಲದಲ್ಲಿ. ಸುಜೌ, ಹಾಂಗ್‌ಜೌಗಳ ಶ್ರೀಮಂತರು ಹಣದ ಸಮೇತ ಓಡಿಬಂದರು. ಅಲ್ಲಿಂದ ಮುಂದೆ ಶಾಂಘೈಯ ದುಡ್ಡಿನ ದೊಡ್ಡ ಪಾಲು ಚೀನಿಯರದೇ ಆಗಿತ್ತು; ವಿದೇಶಿ ಧ್ವಜದ ಕೆಳಗೆ ಜಪ್ತಿಯ ಭಯವಿಲ್ಲದೆ ಅದು ಇಟ್ಟಿಟ್ಟಲ್ಲೇ ಬೆಳೆಯಿತು. ಯಾಂಗ್‌ಟ್ಸೆಯ ಮೇಲೆ, ಇಂದಿನ ವುಹಾನ್‌ನ ಭಾಗವಾದ ಹಾಂಕೌವರೆಗೆ ಉಗಿಹಡಗು ಓಡಿಸುವ ಹಕ್ಕು 1861ರ ಹೊತ್ತಿಗೆ ಜಾರಿಗೆ ಬಂದ ಮೇಲಂತೂ ಮಧ್ಯ ಚೀನಾದ ಚಹಾ, ಎಣ್ಣೆಕಾಳು, ಚರ್ಮ ಎಲ್ಲವೂ ಇಲ್ಲಿಗೇ ಬಂದವು.

ಇಷ್ಟೆಲ್ಲ ಇದ್ದೂ ಹಡಗು ಒಳಬರುವ ದಾರಿ ಹಾಳಾಗುತ್ತಲೇ ಇತ್ತು. ಹುವಾಂಗ್‌ಪು ಯಾಂಗ್‌ಟ್ಸೆಯನ್ನು ಸೇರುವಲ್ಲಿ, ವುಸೊಂಗ್ ಬಳಿ, ಒಂದು ಮರಳ ದಿಬ್ಬವಿತ್ತು. ಇಳಿತದ ಹೊತ್ತಿನಲ್ಲಿ ಆಳ ಸಾಲದೆ ದೊಡ್ಡ ಉಗಿಹಡಗುಗಳು ದಿಬ್ಬದ ಹೊರಗೆ ನಿಂತು ಭರತಕ್ಕಾಗಿ ಕಾಯಬೇಕಿತ್ತು. ಕಾಯಲಾಗದವು ಅಲ್ಲಿಯೇ ಅರ್ಧ ಸರಕನ್ನು ದೋಣಿಗಳಿಗೆ ಇಳಿಸಿ, ಹಗುರಾಗಿ ಮೇಲೆದ್ದು, ನಿಧಾನವಾಗಿ ದಿಬ್ಬ ದಾಟುತ್ತಿದ್ದವು. ದೋಣಿಯವರ ಕೂಲಿ, ಕಾದ ದಿನಗಳ ಬಾಡಿಗೆ, ಇಳಿಸಿ ಏರಿಸುವಾಗ ಕಳೆದುಹೋದ ಮಾಲು ಎಲ್ಲವೂ ಸರಕಿನ ಬೆಲೆಗೆ ಸೇರುತ್ತಿತ್ತು. ಈ ತಾಪತ್ರಯ ತಪ್ಪಿಸಲು ವಿದೇಶಿ ವ್ಯಾಪಾರಿಗಳು 1876ರಲ್ಲಿ ವುಸೊಂಗ್‌ನಿಂದ ನಗರಕ್ಕೆ ಸಣ್ಣ ರೈಲುಮಾರ್ಗ ಹಾಕಿದರು. ಚಿಂಗ್ ಅಧಿಕಾರಿಗಳು ಅದನ್ನು ಹಣ ಕೊಟ್ಟು ಕೊಂಡು, ಮರುವರ್ಷವೇ ಕಿತ್ತುಹಾಕಿದರು. ದಿಬ್ಬವನ್ನು ಅಗೆಯಲೂ ಅವರು ಒಪ್ಪಲಿಲ್ಲ; ವಿದೇಶಿ ಯುದ್ಧನೌಕೆಗಳು ಸಲೀಸಾಗಿ ಒಳಬಾರದಂತೆ ತಡೆಯುವ ದಿಬ್ಬವನ್ನು ತಾವೇ ಏಕೆ ಅಗೆಯಬೇಕೆಂಬುದು ಅವರ ತರ್ಕ. 1842ನ್ನು ಕಂಡವರ ಈ ತರ್ಕವನ್ನು ಮೂರ್ಖತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ನಂತರ, 1901ರ ಒಪ್ಪಂದದಲ್ಲಿ, ನದಿಯನ್ನು ಸರಿಪಡಿಸುವ ಷರತ್ತನ್ನೂ ಸೇರಿಸಲಾಯಿತು. ಜಪಾನಿನ ನದಿಗಳಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ್ದ ಡಚ್ ಎಂಜಿನಿಯರ್ ಯೊಹಾನಿಸ್ ಡಿ ರೈಕೆ 1906ರಲ್ಲಿ ಕೆಲಸ ಕೈಗೆತ್ತಿಕೊಂಡರು. ವುಸೊಂಗ್ ಬಳಿ ನದಿ ಒಂದು ದ್ವೀಪದ ಸುತ್ತ ಎರಡು ಕವಲಾಗಿ ಹರಿಯುತ್ತಿತ್ತು. ಅವರು ಒಂದು ಕವಲನ್ನು ಮುಚ್ಚಿಸಿ, ನೀರೆಲ್ಲ ಇನ್ನೊಂದರಲ್ಲೇ ಹೋಗುವಂತೆ ಮಾಡಿದರು. ಅಗಲ ಕಿರಿದಾದ ಕಡೆ ನೀರಿನ ವೇಗ ಹೆಚ್ಚುತ್ತದೆ, ವೇಗದ ನೀರು ತನ್ನ ತಳವನ್ನು ತಾನೇ ಕೊರೆಯುತ್ತದೆ. ಮೇಲೆ ಉಳಿದಷ್ಟನ್ನು ಹೂಳೆತ್ತುವ ಯಂತ್ರದಿಂದ ತೆಗೆದರೆ ಸಾಕು. ಈ ಒಂದು ತತ್ವ ಶಾಂಘೈಯ ಎಂಜಿನಿಯರಿಂಗ್‌ನಲ್ಲಿ ನೂರು ವರ್ಷಗಳ ನಂತರ ಮತ್ತೆ ಬರುತ್ತದೆ.

ಕಾರ್ಖಾನೆಗಳ ಯುಗಕ್ಕೆ ದಾರಿ ತೆರೆದದ್ದು ಜಪಾನ್ ಜೊತೆಗಿನ ಯುದ್ಧದಲ್ಲಿ ಸೋತ ಚೀನಾ 1895ರಲ್ಲಿ ಒಪ್ಪಿಕೊಂಡ ಷರತ್ತು: ಬಂದರು ನಗರಗಳಲ್ಲಿ ವಿದೇಶಿಯರು ಕಾರ್ಖಾನೆ ಕಟ್ಟಬಹುದು. ಅದುವರೆಗೆ ಬೊಂಬಾಯಿಯ ಗಿರಣಿಗಳು ತಮ್ಮ ನೂಲನ್ನು ರಾಶಿರಾಶಿಯಾಗಿ ಚೀನಾಕ್ಕೆ ಮಾರುತ್ತಿದ್ದವು. ಶಾಂಘೈಯಲ್ಲಿ ಜಪಾನೀ ಮತ್ತು ಚೀನೀ ಗಿರಣಿಗಳು ಎದ್ದಂತೆ ಆ ಮಾರುಕಟ್ಟೆ ಕೈತಪ್ಪಿತು. ಬೊಂಬಾಯಿ ನೂಲಿನಿಂದ ಬಟ್ಟೆಯ ಕಡೆಗೆ, ಹೊರಗಿನ ಮಾರುಕಟ್ಟೆಯಿಂದ ಒಳಗಿನ ಮಾರುಕಟ್ಟೆಯ ಕಡೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. 1930ರ ಹೊತ್ತಿಗೆ ಶಾಂಘೈಯ ಜನಸಂಖ್ಯೆ 30 ಲಕ್ಷ ದಾಟಿತ್ತು, ಚೀನಾದ ವಿದೇಶಿ ವ್ಯಾಪಾರದ ಹತ್ತಿರ ಹತ್ತಿರ ಅರ್ಧ ಅಲ್ಲಿಂದಲೇ ನಡೆಯುತ್ತಿತ್ತು. ಚೀನಾದ ಕಮ್ಯುನಿಸ್ಟ್ ಪಕ್ಷ 1921ರಲ್ಲಿ ಹುಟ್ಟಿದ್ದೂ ಇದೇ ನಗರದ ಫ್ರೆಂಚ್ ವಸತಿಯ ಒಂದು ಮನೆಯಲ್ಲಿ. 1937ರ ಜಪಾನೀ ದಾಳಿ, 1941ರ ಪೂರ್ಣ ಆಕ್ರಮಣ, 1943ರಲ್ಲಿ ವಿದೇಶಿ ವಸತಿಗಳ ಅಂತ್ಯ, 1949ರ ಮೇ ತಿಂಗಳಲ್ಲಿ ಕಮ್ಯುನಿಸ್ಟ್ ಸೈನ್ಯದ ಪ್ರವೇಶ — ಇವುಗಳ ವಿವರ ಬೇರೆಡೆ ಧಾರಾಳವಾಗಿ ಸಿಗುವುದರಿಂದ ಇಲ್ಲಿ ಬಿಡುತ್ತೇನೆ.

1949ರ ನಂತರದ ಮೂರು ದಶಕ ಶಾಂಘೈ ದೇಶದ ಕಾರ್ಖಾನೆಯಾಗಿ ದುಡಿಯಿತು, ದುಡಿದದ್ದರ ದೊಡ್ಡ ಪಾಲನ್ನು ಬೀಜಿಂಗ್‌ಗೆ ಒಪ್ಪಿಸಿತು. ವಿದೇಶಿ ವ್ಯಾಪಾರ ಕುಗ್ಗಿದ್ದರಿಂದ ಬಂದರಿನ ಮೇಲೆ ಹೊಸ ಬಂಡವಾಳ ಬೀಳಲಿಲ್ಲ. 1978ರ ಕೊನೆಯಲ್ಲಿ ಯಾಂಗ್‌ಟ್ಸೆ ದಡದ ಬಾವೊಶಾನ್‌ನಲ್ಲಿ ಬೃಹತ್ ಉಕ್ಕಿನ ಕಾರ್ಖಾನೆಗೆ ಕೆಲಸ ಆರಂಭವಾದಾಗ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂತು. ಕಾರ್ಖಾನೆಗೆ ಬೇಕಾದ ಆಸ್ಟ್ರೇಲಿಯಾದ ಅದಿರನ್ನು ಹೊತ್ತ ಹಡಗುಗಳು ಅಳಿವೆಯ ದಿಬ್ಬ ದಾಟಲಾರವು. ಆದ್ದರಿಂದ ಅವು ನಿಂಗ್ಬೊದ ಬೇಲುನ್ ಧಕ್ಕೆಯಲ್ಲಿ ನಿಂತು, ಅದಿರನ್ನು ಸಣ್ಣ ಹಡಗುಗಳಿಗೆ ಬದಲಾಯಿಸಬೇಕಾಯಿತು. ವುಸೊಂಗ್‌ನ ದೋಣಿಗಳ ಕಾಲ ಮುಗಿದಿರಲಿಲ್ಲ, ದೋಣಿಯ ಗಾತ್ರ ಮಾತ್ರ ಬದಲಾಗಿತ್ತು.

1990ರ ಏಪ್ರಿಲ್‌ನಲ್ಲಿ ಹುವಾಂಗ್‌ಪುವಿನ ಪೂರ್ವ ದಡದ ಪುಡೊಂಗ್ ಪ್ರದೇಶವನ್ನು ಅಭಿವೃದ್ಧಿಗೆ ತೆರೆಯುವ ನಿರ್ಧಾರ ಪ್ರಕಟವಾಯಿತು. ಗೋಪುರಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ; ಬಂದರಿನ ದೃಷ್ಟಿಯಿಂದ ಮುಖ್ಯವಾದದ್ದು ಪುಡೊಂಗ್‌ನ ಉತ್ತರ ತುದಿ. ಅಲ್ಲಿ, ಯಾಂಗ್‌ಟ್ಸೆಯ ದಡದ ವೈಗಾವೊಚಿಯಾವೊದಲ್ಲಿ, 1990ರ ದಶಕದಲ್ಲಿ ಸಾಲುಸಾಲಾಗಿ ಕಂಟೇನರ್ ಧಕ್ಕೆಗಳು ಎದ್ದವು. ಹುವಾಂಗ್‌ಪುವಿನೊಳಗಿನ ಹಳೆಯ ಧಕ್ಕೆಗಳು ಒಂದೊಂದಾಗಿ ಉದ್ಯಾನ, ವಿಹಾರಪಥಗಳಾದವು. ಜೊತೆಗೆ 1998ರಲ್ಲಿ ಅಳಿವೆಯ ಒಂದು ಬಾಯಿಯನ್ನು ಆಳಗೊಳಿಸುವ ಯೋಜನೆ ಶುರುವಾಯಿತು. ಸಮುದ್ರದೊಳಗೆ ಸುಮಾರು 50 ಕಿಲೋಮೀಟರ್ ಉದ್ದದ ಎರಡು ಕಲ್ಲಿನ ಒಡ್ಡುಗಳನ್ನು ಎದುರುಬದುರಾಗಿ ಕಟ್ಟಿ, ನಡುವೆ ನೀರನ್ನು ಬಿಗಿಹಿಡಿದು ತಳ ಕೊರೆಯಲು ಬಿಡಲಾಯಿತು: ಡಿ ರೈಕೆಯ ತತ್ವ ಇಲ್ಲಿ ನೂರು ಪಟ್ಟು ದೊಡ್ಡದಾಗಿ ಜಾರಿಯಾಯಿತು. ಆಳ ಮೊದಲ ಹಂತದಲ್ಲಿ 8.5 ಮೀಟರ್, ಎರಡನೆಯದರಲ್ಲಿ 10 ಮೀಟರ್, 2010ರಲ್ಲಿ ಮೂರನೆಯದು ಮುಗಿದಾಗ 12.5 ಮೀಟರ್ ಆಯಿತು. ಆದರೂ ನದಿ ಸುಮ್ಮನಿರುವುದಿಲ್ಲ. ಆ ಆಳ ಉಳಿಸಿಕೊಳ್ಳಲು ವರ್ಷಕ್ಕೆ ಹಲವು ಕೋಟಿ ಘನ ಮೀಟರ್ ಹೂಳೆತ್ತಬೇಕಾಗುತ್ತದೆ.

ಹನ್ನೆರಡೂವರೆ ಮೀಟರ್ ಕೂಡ ಇಂದಿನ ಅತಿ ದೊಡ್ಡ ಕಂಟೇನರ್ ಹಡಗಿಗೆ ಸಾಲದು. ಪೂರ್ತಿ ತುಂಬಿದ ಅಂಥ ಹಡಗಿಗೆ ಹದಿನೈದು ಹದಿನಾರು ಮೀಟರ್ ಬೇಕು. ಆದ್ದರಿಂದ ಶಾಂಘೈ ನದಿಯನ್ನೇ ಬಿಟ್ಟು ಹೊರಟಿತು. ಹಾಂಗ್‌ಜೌ ಕೊಲ್ಲಿಯ ಹೊರಗೆ, ತೀರದಿಂದ ಸುಮಾರು 30 ಕಿಲೋಮೀಟರ್ ದೂರದ ಯಾಂಗ್‌ಶಾನ್ ದ್ವೀಪಗಳ ಬಳಿ ಸಮುದ್ರದ ಸೆಳೆತವೇ ತಳವನ್ನು ಆಳವಾಗಿ ಇಟ್ಟಿದೆ. ಬೆಟ್ಟಗಳನ್ನು ಒಡೆದು, ದ್ವೀಪಗಳ ನಡುವೆ ಮಣ್ಣು ತುಂಬಿ, ಧಕ್ಕೆಗೆ ನೆಲ ಮಾಡಿಕೊಂಡು, 32.5 ಕಿಲೋಮೀಟರ್ ಉದ್ದದ ದೊಂಗ್‌ಹೈ ಸೇತುವೆ ಕಟ್ಟಿ, 2005ರ ಡಿಸೆಂಬರ್‌ನಲ್ಲಿ ಬಂದರಿನ ಮೊದಲ ಹಂತವನ್ನು ತೆರೆಯಲಾಯಿತು. ತಮಾಷೆಯೆಂದರೆ ಈ ದ್ವೀಪಗಳು ಶಾಂಘೈಗೆ ಸೇರಿದವಲ್ಲ; ಆಡಳಿತದ ಲೆಕ್ಕದಲ್ಲಿ ಅವು ನೆರೆಯ ಜೆಜಿಯಾಂಗ್ ಪ್ರಾಂತದವು, ನಿಂಗ್ಬೊ ಇರುವ ಅದೇ ಪ್ರಾಂತ. 2017ರ ಡಿಸೆಂಬರ್‌ನಲ್ಲಿ ತೆರೆದ ನಾಲ್ಕನೆಯ ಹಂತದ ಧಕ್ಕೆಯಲ್ಲಿ ಕಣ್ಣು ಹಾಯಿಸಿದಷ್ಟೂ ಚಾಲಕರು ಕಾಣುವುದಿಲ್ಲ. ಹಡಗಿನಿಂದ ಕ್ರೇನು ಎತ್ತಿದ ಪೆಟ್ಟಿಗೆ ಬಂದು ಕೂರುವುದು ಕ್ಯಾಬಿನ್ ಇಲ್ಲದ, ಬ್ಯಾಟರಿಯಿಂದ ಓಡುವ ಚಪ್ಪಟೆ ಗಾಡಿಯ ಮೇಲೆ. ನೆಲದಲ್ಲಿ ಹೂತಿಟ್ಟ ಆಯಸ್ಕಾಂತದ ಮೊಳೆಗಳು ಅದಕ್ಕೆ ದಾರಿ ತೋರಿಸುತ್ತವೆ. ಬ್ಯಾಟರಿ ಇಳಿದಾಗ ಗಾಡಿ ತಾನೇ ಹೋಗಿ ಯಂತ್ರದ ಕೈಯಿಂದ ಹೊಸದನ್ನು ಹಾಕಿಸಿಕೊಂಡು ಬರುತ್ತದೆ. ಕ್ರೇನು ನಡೆಸುವವರು ದೂರದ ಕೋಣೆಯಲ್ಲಿ ಪರದೆಯ ಮುಂದೆ ಕುಳಿತಿರುತ್ತಾರೆ.

2010ರಲ್ಲಿ 2.9 ಕೋಟಿ ಕಂಟೇನರ್‌ಗಳನ್ನು (ಇಪ್ಪತ್ತು ಅಡಿಯ ಪೆಟ್ಟಿಗೆಯ ಲೆಕ್ಕದಲ್ಲಿ) ನಿರ್ವಹಿಸಿ ಶಾಂಘೈ ಸಿಂಗಪುರವನ್ನು ಹಿಂದೆ ಹಾಕಿತು. 2024ರಲ್ಲಿ ಆ ಸಂಖ್ಯೆ 5.15 ಕೋಟಿ ಮುಟ್ಟಿತು. 5 ಕೋಟಿ ದಾಟಿದ ಮೊದಲ ಬಂದರು ಅದು. ಈ ಎರಡು ಬಂದರುಗಳ ನಡುವಿನ ವ್ಯತ್ಯಾಸ ಸಂಖ್ಯೆಯಲ್ಲಿ ಕಾಣುವುದಿಲ್ಲ. ಸಿಂಗಪುರದ ಪೆಟ್ಟಿಗೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಏರುವಂಥವು, ಅವು ಸಿಂಗಪುರದವೂ ಅಲ್ಲ, ಅದರ ನೆರೆಹೊರೆಯವೇ ಆಗಬೇಕೆಂದೂ ಇಲ್ಲ. ಹಡಗು ಕಂಪನಿ ಮನಸ್ಸು ಬದಲಿಸಿದರೆ ಅವು ನಾಳೆ ಮಲೇಷ್ಯಾಕ್ಕೋ ಕೊಲಂಬೊಗೋ ಹೋಗಬಹುದು. ಶಾಂಘೈಯ ಸರಕಿನಲ್ಲಿ ಹೆಚ್ಚಿನ ಪಾಲು ಯಾಂಗ್‌ಟ್ಸೆ ಬಯಲಿನ ಕಾರ್ಖಾನೆಗಳಲ್ಲೇ ತಯಾರಾದದ್ದು ಅಥವಾ ಅಲ್ಲಿಗೇ ಹೋಗಬೇಕಾದದ್ದು. ಶಾಂಘೈ ಹಡಗು ವಿನಿಮಯ ಕೇಂದ್ರ ಪ್ರತಿ ಶುಕ್ರವಾರ ಪ್ರಕಟಿಸುವ ಕಂಟೇನರ್ ಬಾಡಿಗೆ ಸೂಚ್ಯಂಕವನ್ನು ಜಗತ್ತಿನ ರಫ್ತುದಾರರೆಲ್ಲ ನೋಡುವುದೂ ಇದೇ ಕಾರಣಕ್ಕೆ: ಅಲ್ಲಿ ಖಾಲಿ ಪೆಟ್ಟಿಗೆಗೆ ಅಭಾವ ಬಂದರೆ ಅದರ ಬಿಸಿ ಇತರ ಬಂದರುಗಳಿಗೂ ತಟ್ಟುತ್ತದೆ.

ಒಂದು ತಿದ್ದುಪಡಿ ಅಗತ್ಯ. ಕಂಟೇನರ್ ಎಣಿಕೆಯಲ್ಲಿ ಶಾಂಘೈ ಮೊದಲನೆಯದು ನಿಜ. ಆದರೆ ಟನ್ನುಗಳ ಲೆಕ್ಕದಲ್ಲಿ ಆ ಸ್ಥಾನ ನಿಂಗ್ಬೊ-ಜೌಶಾನ್ ಬಂದರಿನದು. 2017ರಲ್ಲಿ ಅದು ಒಂದೇ ವರ್ಷದಲ್ಲಿ 100 ಕೋಟಿ ಟನ್ ದಾಟಿದ ಜಗತ್ತಿನ ಮೊದಲ ಬಂದರಾಯಿತು. ಅದಿರು, ಕಲ್ಲಿದ್ದಲು, ಕಚ್ಚಾತೈಲಗಳಂಥ ಭಾರದ ಸರಕಿಗೆ ಆಳ ನೀರು ಬೇಕೇಬೇಕು, ಅದು ನಿಂಗ್ಬೊದಲ್ಲಿ ಸಹಜವಾಗಿದೆ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿನ ಊಹೆ ಪೂರ್ತಿ ತಪ್ಪಲ್ಲ: ಆಳಕ್ಕೆ ಸಲ್ಲಬೇಕಾದ ಪಾಲು ತಡವಾಗಿಯಾದರೂ ನಿಂಗ್ಬೊಗೆ ಸಂದಿದೆ.

ಮುಂದಿನ ದಿನಗಳ ಬಗ್ಗೆ ಹೇಳುವುದಾದರೆ, ನೆಲದ ಸಮಸ್ಯೆ ಹಳೆಯದು. ಗಿರಣಿಗಳು ಅಂತರ್ಜಲವನ್ನು ಎಗ್ಗಿಲ್ಲದೆ ಹೀರಿದ್ದರಿಂದ 1921ರಿಂದ 1965ರ ನಡುವೆ ನಗರದ ಮಧ್ಯಭಾಗದ ಕೆಲವೆಡೆ ನೆಲ ಎರಡೂವರೆ ಮೀಟರಿಗೂ ಹೆಚ್ಚು ಕುಸಿಯಿತು. ಆಮೇಲೆ ನೀರೆತ್ತುವುದಕ್ಕೆ ಮಿತಿ ಹಾಕಿ, ಕೊಳವೆಬಾವಿಗಳಿಗೆ ನೀರು ಮರುಪೂರಣ ಮಾಡಿ ಕುಸಿತದ ವೇಗವನ್ನು ತಗ್ಗಿಸಿದರು. ಆದರೆ ಸಮುದ್ರಮಟ್ಟ ಏರುವ ಕಾಲದಲ್ಲಿ ಕಳೆದುಕೊಂಡ ಎತ್ತರ ಮರಳಿ ಬರುವುದಿಲ್ಲ, ಹುವಾಂಗ್‌ಪುವಿನ ಎರಡೂ ದಡಗಳ ಪ್ರವಾಹದ ಗೋಡೆ ಎತ್ತರವಾಗುತ್ತಲೇ ಇದೆ. ಹೂಳಿನ ಸಮಸ್ಯೆ ಈಗ ತಿರುವುಮುರುವಾಗಿದೆ. 2003ರಲ್ಲಿ ತ್ರೀ ಗಾರ್ಜಸ್ ಅಣೆಕಟ್ಟು ನೀರು ತುಂಬಿಸಿಕೊಳ್ಳಲು ಆರಂಭಿಸಿದ ಮೇಲೆ ನದಿ ತರುವ ಮಣ್ಣು ಮೊದಲಿನ ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿದಿದೆ. ಹಡಗಿನ ದಾರಿಗೆ ಇದು ಒಳ್ಳೆಯದೆನಿಸಬಹುದು, ಆದರೆ ಸಾವಿರಾರು ವರ್ಷ ಮಣ್ಣು ತಿಂದು ಬೆಳೆದ ನದೀಮುಖಜ ಭೂಮಿಯ ಹೊರ ಅಂಚು ಈಗ ಕೆಲವೆಡೆ ಕೊರೆದುಹೋಗತೊಡಗಿದೆ. ಬೇಸಿಗೆಯ ಬರ ಬಿದ್ದ 2022ರಂಥ ವರ್ಷದಲ್ಲಿ ಉಪ್ಪುನೀರು ಅಳಿವೆಯೊಳಗೆ ನುಗ್ಗಿ, ನಗರಕ್ಕೆ ಕುಡಿಯುವ ನೀರು ಕೊಡುವ ಚಿಂಗ್‌ಸಾವೊಶಾ ಜಲಾಶಯದವರೆಗೂ ಬರುತ್ತದೆ.

ವ್ಯಾಪಾರದ ಸ್ಥಾನ ಸದ್ಯಕ್ಕೆ ಅಲುಗಾಡುವಂತೆ ನನಗೆ ಕಾಣುವುದಿಲ್ಲ. 2022ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಡೀ ನಗರ ಕೋವಿಡ್ ದಿಗ್ಬಂಧನದಲ್ಲಿದ್ದಾಗಲೂ ಕಾರ್ಮಿಕರನ್ನು ಬಂದರಿನೊಳಗೇ ಇರಿಸಿಕೊಂಡು ಧಕ್ಕೆಗಳನ್ನು ನಡೆಸಲಾಯಿತು. ಕಟ್ಟಿಹೋದದ್ದು ಲಾರಿಗಳ ಸಂಚಾರ. ಬಂದರಿನ ನಿಜವಾದ ದೌರ್ಬಲ್ಯ ಅಲ್ಲೇ ಇದೆ. ದೊಂಗ್‌ಹೈ ಸೇತುವೆಯ ಮೇಲೆ ರೈಲು ಹಳಿ ಇಲ್ಲ, ಬಿರುಗಾಳಿ ಎದ್ದಾಗ ಲಾರಿಗಳನ್ನೂ ಬಿಡುವುದಿಲ್ಲ. ನದಿಯಲ್ಲಿ ಓಡಲು ಕಟ್ಟಿದ ಸಾಮಾನ್ಯ ಸರಕು ದೋಣಿಗಳು ತೆರೆದ ಸಮುದ್ರ ದಾಟಿ ಯಾಂಗ್‌ಶಾನ್‌ಗೆ ಬರಲಾರವು. ಹಾಗಾಗಿ ಚೋಂಗ್‌ಚಿಂಗ್‌ನಿಂದ ನದಿಯಲ್ಲಿ ಅಗ್ಗವಾಗಿ ಬಂದ ಪೆಟ್ಟಿಗೆ ಕೊನೆಯ ಕೆಲವು ಹತ್ತು ಕಿಲೋಮೀಟರಿಗೆ ಲಾರಿ ಹತ್ತಬೇಕು, ಇಲ್ಲವೇ ನದಿ ಮತ್ತು ಸಮುದ್ರ ಎರಡಕ್ಕೂ ಒಗ್ಗುವಂತೆ ಕಟ್ಟಿದ ಹಡಗಿಗಾಗಿ ಕಾಯಬೇಕು. ಇಂಥ ಹಡಗುಗಳಿಗೆಂದೇ ಕಿರಿಯ ಯಾಂಗ್‌ಶಾನ್ ದ್ವೀಪದ ಉತ್ತರ ಬದಿಯಲ್ಲಿ ಶಾಂಘೈ ಮತ್ತು ಜೆಜಿಯಾಂಗ್ ಎರಡೂ ಸೇರಿ ಹೊಸ ಧಕ್ಕೆಗಳನ್ನು ಕಟ್ಟುವ ಕೆಲಸವನ್ನು 2022ರಲ್ಲಿ ಆರಂಭಿಸಿವೆ.